ಯವತ್‌ನಿಂದ ಭುಲೇಶ್ವರಕ್ಕೆ ಕಾಲುವೆ ಏರಿ ಹಿಡಿದು ನಡೆದು ಹೋಗಬಹುದಾ?

ಹಡಪ್ಸರ್_ಹುಡುಗಿ
ಎಲ್ಲರಿಗೂ ನಮಸ್ಕಾರ. ಪುಣೆ ಸುತ್ತ ಎಲ್ಲಿ ನಡೆಯೋಕೆ ಹೋಗಲಿ ಅಂತ ಕೇಳಿದರೆ ಎಲ್ಲರ ಬಾಯಲ್ಲೂ ಸಿಂಹಗಡ, ಸಿಂಹಗಡ. ಭಾನುವಾರ ಅಲ್ಲಿ ನಡೆಯೋದಲ್ಲ, ಕ್ಯೂ ನಿಲ್ಲೋದು. ನನಗೆ ಕೋಟೆ ಬೇಡ. ಸಮತಟ್ಟಾದ ದಾರಿ, ಪಕ್ಕದಲ್ಲಿ ನೀರು, ಒಂದಿಷ್ಟು ಮರ. ಅಷ್ಟು ಸಾಕು.

ನಕ್ಷೆಯಲ್ಲಿ ನೋಡಿದರೆ ಸೊಲ್ಲಾಪುರ ರಸ್ತೆಯ ಯವತ್ ಊರಿನ ಪಕ್ಕ ಕಾಲುವೆ ಕಾಣುತ್ತದೆ. ಅದರಾಚೆ ದಕ್ಷಿಣಕ್ಕೆ ಗುಡ್ಡ, ಕುರುಚಲು ಕಾಡು, ಮೇಲೆ ಭುಲೇಶ್ವರ ದೇವಸ್ಥಾನ. ಸ್ವಲ್ಪ ದೂರ ಕಾಲುವೆ ಏರಿ ಮೇಲೆ ನಡೆದು, ಆಮೇಲೆ ಕಾಡಿನ ದಾರಿ ಹಿಡಿಯೋಣ ಅಂತ ಆಸೆ. ವಿಜಾಪುರ ಕಡೆಯ ಇಂಡಿಯಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅಪ್ಪನಿಗೆ ಅರವತ್ತು ದಾಟಿದೆ, ಆದರೆ ಹೊಲದಲ್ಲಿ ಓಡಾಡಿದ ಕಾಲು. ನನಗಿಂತ ಜಾಸ್ತಿ ನಡೆಯುತ್ತಾರೆ. ಏರಿ ಮೇಲೆ ನಡೆಯಲು ಬಿಡುತ್ತಾರಾ? ಬಿಸಿಲು, ನಾಯಿ, ಹಾವು? ಹೋಗಿ ಬಂದವರು ಹೇಳಿ.

ಲೋಕಲ್_ಪ್ಯಾಸೆಂಜರ್
ಹೋಗಬಹುದು ಅಕ್ಕಾ. ಕಾರು ತರಬೇಡಿ. ಹಡಪ್ಸರ್‌ನಲ್ಲೇ ದೌಂಡ್ ಲೋಕಲ್ ಹತ್ತಿ. ಮಾಂಜರಿ, ಲೋಣಿ, ಉರುಳಿ, ಆಮೇಲೆ ಯವತ್. ಸ್ಟೇಷನ್‌ನಿಂದ ಊರು ಸ್ವಲ್ಪ ದೂರ, ಆಟೋ ಸಿಗುತ್ತದೆ. ಹೆದ್ದಾರಿ ದಾಟಿ ದಕ್ಷಿಣಕ್ಕೆ ಹೊರಳಿದರೆ ಕಾಲುವೆ.

ಒಂದು ಮಾತು ನೆನಪಿಟ್ಟುಕೊಳ್ಳಿ. ಈ ಸೀಮೆಯಲ್ಲಿ ಕಾಲುವೆ ಎರಡು. ದೊಡ್ಡದು ಹೊಸ ಮುಠಾ ಬಲದಂಡೆ ಕಾಲುವೆ, ಗುಡ್ಡದ ಕಡೆಗಿದೆ. ಇನ್ನೊಂದು ಹಳೆಯದು, ಕೆಳಗಿದೆ. ಅದನ್ನು ಎಲ್ಲರೂ ‘ಬೇಬಿ ಕಾಲವಾ’ ಅಂತಾರೆ. ಬೇಬಿ ದಾರಿ ಹಿಡಿಯಬೇಡಿ.

ಧಾರವಾಡ_ಪೇಡೆ
ಯಾಕೆ, ಬೇಬಿ ಅಳುತ್ತಾ?

ಲೋಕಲ್_ಪ್ಯಾಸೆಂಜರ್
ನಾರುತ್ತೆ. ಪುಣೆಯ ಚರಂಡಿ ನೀರನ್ನು ಶುದ್ಧ ಮಾಡಿ, ಮುಂಢ್ವಾದಲ್ಲಿ ಎತ್ತಿ ಆ ಕಾಲುವೆಗೆ ಬಿಡುತ್ತಾರೆ, ಹೊಲಕ್ಕೆ ಅಂತ. ಶುದ್ಧ ಅನ್ನೋದು ಕಾಗದದ ಮೇಲೆ. ಕೆಲವು ದಿನ ನೊರೆ ತೇಲುತ್ತದೆ. ಅಲ್ಲಿನ ರೈತರನ್ನೇ ಕೇಳಿ, ಬೈಗುಳದ ಸಮೇತ ಹೇಳುತ್ತಾರೆ.

ಕಟ್ರಜ್_ಕಾಕಾ
ಹುಡುಗಿ, ಒಳ್ಳೆ ದಾರಿ ಆರಿಸಿದ್ದೀಯ. ಕಾಲುವೆ ಪಕ್ಕ ನಡೆಯುವಾಗ ಅದು ಎಲ್ಲಿಂದ ಬಂತು ಅಂತ ಗೊತ್ತಿದ್ದರೆ ನಡಿಗೆಗೆ ರುಚಿ. ಹಾಗಾಗಿ ಎರಡು ಮಾತು.

ಈ ನೀರು ಬರೋದು ಖಡಕ್‌ವಾಸ್ಲಾದಿಂದ. ಆ ಅಣೆಕಟ್ಟು 1879ರ ಹೊತ್ತಿಗೆ ಮುಗಿದದ್ದು, ಕಲ್ಲಿನ ಕಟ್ಟಡ. ಕಟ್ಟಿಸಿದ ಎಂಜಿನಿಯರ್ ಫೈಫ್ ಹೆಸರಲ್ಲಿ ಬ್ರಿಟಿಷರು ಅದನ್ನು ಲೇಕ್ ಫೈಫ್ ಅಂತಿದ್ದರು. ಹಳೇ ಕಾಲುವೆ, ಅಂದರೆ ಈಗಿನ ಬೇಬಿ, ಆ ಕಾಲದ್ದು. ನೀನು ನಡೆಯಬೇಕಾದ ದೊಡ್ಡ ಕಾಲುವೆ ಆಮೇಲೆ ಬಂದದ್ದು, ಇಂದಾಪುರದವರೆಗೆ 202 ಕಿಲೋಮೀಟರ್ ಹೋಗುತ್ತದೆ.

ಈಗ ನಮ್ಮವರ ವಿಷಯ. ವಿಶ್ವೇಶ್ವರಯ್ಯನವರು ಎಂಜಿನಿಯರಿಂಗ್ ಓದಿದ್ದು ಪುಣೆಯಲ್ಲಿ, 1883ರಲ್ಲಿ ಪಾಸಾದರು. ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ. 1903ರಲ್ಲಿ ಖಡಕ್‌ವಾಸ್ಲಾಕ್ಕೆ ತಾವೇ ಯೋಚಿಸಿ ಮಾಡಿದ ಸ್ವಯಂಚಾಲಿತ ಗೇಟುಗಳನ್ನು ಕೂರಿಸಿದರು. ನೀರು ಒಂದು ಮಟ್ಟ ಮುಟ್ಟುವವರೆಗೆ ಗೇಟು ಮುಚ್ಚಿರುತ್ತದೆ, ಅದಕ್ಕಿಂತ ಏರಿದರೆ ತಾನಾಗಿ ತೆರೆದುಕೊಳ್ಳುತ್ತದೆ. ಕಟ್ಟೆಯ ಎತ್ತರ ಹೆಚ್ಚಿಸದೆ ಜಾಸ್ತಿ ನೀರು ನಿಲ್ಲಿಸುವ ಉಪಾಯ. ಕೆಆರ್‌ಎಸ್ ಕೆಲಸ ಶುರುವಾಗಿದ್ದು 1911ರಲ್ಲಿ. ಅದಕ್ಕೂ ಮುಂಚಿನ ಮಾತು ಇದು.

ಮಂಡ್ಯ_ಮೂಲ
ಕಾಕಾ, ಪುಣೆಗೆ ಬಂದು ಇಷ್ಟು ವರ್ಷ ಆಯ್ತು, ಇದು ಗೊತ್ತೇ ಇರಲಿಲ್ಲ. ನಾವು ವಿಸಿ ನಾಲೆ, ಅಂದರೆ ವಿಶ್ವೇಶ್ವರಯ್ಯ ನಾಲೆ ನೀರು ಕುಡಿದು ಬೆಳೆದವರು!

ಬಿಸಿಲೂರು
ಆ ಅಣೆಕಟ್ಟು 1961ರಲ್ಲಿ ಒಡೀತಲ್ಲ ಕಾಕಾ? ಅದನ್ನು ಬಿಟ್ಟೇ ಬಿಟ್ರಿ.

ಕಟ್ರಜ್_ಕಾಕಾ
ಬಿಟ್ಟಿಲ್ಲ, ಚಹಾ ಕುಡಿಯೋಕೆ ಹೋಗಿದ್ದೆ. ಮೊದಲು ಒಡೆದದ್ದು ಮೇಲಿನ ಪಾನ್‌ಶೇತ್. ಕೆಲಸ ಇನ್ನೂ ಮುಗಿದಿರಲಿಲ್ಲ. 1961ರ ಜುಲೈ 12. ಆ ನೀರಿನ ಹೊಡೆತಕ್ಕೆ ಕೆಳಗಿನ ಖಡಕ್‌ವಾಸ್ಲಾ ಕೂಡ ಒಡೆಯಿತು, ಪುಣೆಯ ಪೇಠೆಗಳು ಮುಳುಗಿದವು. ಹಳೇ ಪುಣೆಯವರು ಈಗಲೂ ಗೋಡೆ ತೋರಿಸಿ ‘ನೀರು ಇಲ್ಲಿವರೆಗೆ ಬಂದಿತ್ತು’ ಅಂತಾರೆ. ವಿಶ್ವೇಶ್ವರಯ್ಯ ಆಗ ಇನ್ನೂ ಇದ್ದರು, ನೂರರ ಆಸುಪಾಸು. ತೀರಿಕೊಂಡದ್ದು 1962ರ ಏಪ್ರಿಲ್‌ನಲ್ಲಿ. ಸುದ್ದಿ ಕೇಳಿ ಅವರಿಗೆ ಏನನ್ನಿಸಿತೋ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಗಿಡಮರ_ಗೆಳತಿ
ಇತಿಹಾಸ ಸಾಕು, ದಾರಿ ಬಗ್ಗೆ ಹೇಳುತ್ತೇನೆ. ಆ ಕಡೆ ನಾವು ಹಕ್ಕಿ ನೋಡೋಕೆ ಹೋಗುತ್ತಿರುತ್ತೇವೆ.

ಏರಿ ಮೇಲಿರುವುದು ನೀರಾವರಿ ಇಲಾಖೆಯ ಮಣ್ಣಿನ ರಸ್ತೆ. ಇಲಾಖೆ ಜೀಪು, ಹೊಲದವರ ಬೈಕು, ಟ್ರ್ಯಾಕ್ಟರ್ ಓಡಾಡುತ್ತವೆ. ನಡೆಯುವವರನ್ನು ಯಾರೂ ತಡೆಯುವುದಿಲ್ಲ. ಆದರೆ ಅದು ಪಾರ್ಕಲ್ಲ. ನಮ್ಮ ಕಡೆ ನೀರುಗಂಟಿ ಇದ್ದ ಹಾಗೆ ಇಲ್ಲಿ ಪಾಟ್ಕರಿ ಇರುತ್ತಾರೆ. ಸಿಕ್ಕರೆ ‘ರಾಮ್ ರಾಮ್ ಮಾವುಶಿ, ರಾಮ್ ರಾಮ್ ಕಾಕಾ’ ಅಂದು ಎರಡು ಮಾತಾಡಿ. ಮುಂದೆ ದಾರಿ ಕೆಟ್ಟಿದೆಯಾ, ಎಲ್ಲಿ ನಾಯಿ ಇದೆ, ಎಲ್ಲ ಅವರೇ ಹೇಳುತ್ತಾರೆ.

ಏರಿ ಉದ್ದಕ್ಕೂ ಜಾಲಿ, ಬೇವು, ಹೊಂಗೆ. ನೀರಿನ ಮೇಲೆ ಬಾಗಿದ ಜಾಲಿ ಕೊಂಬೆಗೆ ಗೀಜಗನ ಗೂಡು. ಕಳ್ಳ ಬೆಕ್ಕು ಕೂಡ ಹತ್ತಲಾರದ ಜಾಗ ಹುಡುಕಿ ಕಟ್ಟಿರುತ್ತವೆ. ಮಿಂಚುಳ್ಳಿ ಗ್ಯಾರಂಟಿ. ಕಾಲುವೆ ಬಿಟ್ಟು ಗುಡ್ಡದ ಕಡೆ ಹೊರಳಿದರೆ ನೋಟವೇ ಬದಲು. ಕರಿಕಲ್ಲು, ಒಣ ಹುಲ್ಲು, ಬೋರೆ ಗಿಡ, ಅಲ್ಲಲ್ಲಿ ಮುತ್ತುಗ. ‘ಕಾಡು’ ಅಂತ ದಾಂಡೇಲಿ ಊಹಿಸಿಕೊಂಡು ಹೋದರೆ ನಿರಾಸೆ. ಅರಣ್ಯ ಇಲಾಖೆ ನೆಟ್ಟ ಗೊಬ್ಬರದ ಗಿಡವೇ ಜಾಸ್ತಿ, ಗ್ಲಿರಿಸಿಡಿಯಾ ಅಂತಾರಲ್ಲ ಅದು. ಚಳಿ ಮುಗಿಯುವ ಹೊತ್ತಿಗೆ ಎಲೆ ಉದುರಿಸಿ ಗುಲಾಬಿ ಹೂ ಬಿಡುತ್ತದೆ. ಫೋಟೋಗೆ ಚೆಂದ, ಅಷ್ಟೇ. ನೆರಳೂ ಇಲ್ಲ. ನನ್ನ ಕೇಳಿದರೆ ಚೆಲುವು ಇರೋದು ಆ ಬೋಳು ಹುಲ್ಲುಗಾವಲಿನಲ್ಲಿ. ಚಳಿಗಾಲದಲ್ಲಿ ದೂರದ ದೇಶಗಳಿಂದ ಬೇಟೆ ಹಕ್ಕಿಗಳು ಬಂದು ಅದರ ಮೇಲೆ ತೇಲುತ್ತಿರುತ್ತವೆ. ಅದೃಷ್ಟ ಇದ್ದರೆ ಚಿಂಕಾರ ಅನ್ನೋ ಹುಲ್ಲೆ ಕೂಡ.

ಮಂಡ್ಯ_ಮೂಲ
ಬೋಳು ಗುಡ್ಡಕ್ಕೆ ಕಾಡು ಅನ್ನೋದು ಪುಣೆಯವರು ಮಾತ್ರ 😄

ಗಿಡಮರ_ಗೆಳತಿ
ಬೋಳಲ್ಲ ಸಾರ್, ಅದೇ ಅದರ ರೂಪ. ರಾಣೆಬೆನ್ನೂರಿನ ಕೃಷ್ಣಮೃಗಗಳಿಗೆ ದಟ್ಟ ಕಾಡು ಬೇಕಾ? ಇಲ್ಲಿ ಸುಪೆ ಹತ್ತಿರ ಮಯೂರೇಶ್ವರ ಅಭಯಾರಣ್ಯ ಇದೆ. ಬರೀ ಐದು ಚದರ ಕಿಲೋಮೀಟರ್ ಚಿಲ್ಲರೆ. 1997ರಲ್ಲಿ ಘೋಷಿಸಿದ್ದು ಚಿಂಕಾರಕ್ಕಾಗಿಯೇ. ಹುಲ್ಲಿನ ಜಾಗ ಕಂಡರೆ ಸಾಕು, ‘ಪಾಳು ಬಿದ್ದಿದೆ, ಸಸಿ ನೆಡೋಣ’ ಅಂತ ಬರುತ್ತಾರೆ. ನೆಟ್ಟು ಹಾಳು ಮಾಡಿದ್ದೇ ಜಾಸ್ತಿ.

ಬಿಸಿಲೂರು
ಗಿಡ ನೆಟ್ಟರೂ ಬೈತಾರೆ, ಕಡಿದರೂ ಬೈತಾರೆ. ಇಲಾಖೆಯವರು ಏನು ಮಾಡಬೇಕು ಮೇಡಂ?

ಗಿಡಮರ_ಗೆಳತಿ
ಕೆಲವು ಕಡೆ ಸುಮ್ನೆ ಇರಬೇಕು.

ಮಂಡ್ಯ_ಮೂಲ
ತಮಾಷೆ ಬಿಟ್ಟು ಒಂದು ಗಂಭೀರ ವಿಷಯ. ನಾಲೆ ಪಕ್ಕ ಬೆಳೆದವನಾಗಿ ಹೇಳ್ತಿದ್ದೀನಿ. ಕಾಲುವೆ ನೀರು ನೋಡೋಕೆ ಸಾಧು. ಒಳಗೆ ಸೆಳೆತ ಜೋರು. ಪಕ್ಕದ ಸಿಮೆಂಟ್ ಇಳಿಜಾರು ಪಾಚಿ ಕಟ್ಟಿ ಜಾರುತ್ತೆ. ಈಜು ಬಂದವನಿಗೂ ಹತ್ತಿ ಬರೋಕೆ ಹಿಡಿತ ಸಿಗಲ್ಲ. ಕೈಕಾಲು ತೊಳೆಯಬೇಕು ಅನ್ನಿಸಿದರೆ ಮೆಟ್ಟಿಲು ಇರುವ ಕಡೆ ಮಾತ್ರ ಇಳಿಯಿರಿ, ಅದೂ ಒಬ್ಬರು ಮೇಲೆ ನಿಂತಿರುವಾಗ. 2018ರ ನವೆಂಬರ್‌ನಲ್ಲಿ ನಮ್ಮ ಪಾಂಡವಪುರದ ಕನಗನಮರಡಿ ಹತ್ತಿರ ಬಸ್ ವಿಸಿ ನಾಲೆಗೆ ಬಿದ್ದು 30 ಜನ ಹೋದರು. ಶಾಲೆ ಮಕ್ಕಳೂ ಇದ್ದರು. ತಡೆಗೋಡೆ ಇರಲಿಲ್ಲ. ಇಲ್ಲೂ ಎಷ್ಟೋ ದೂರ ಇಲ್ಲ. ಏರಿ ಮೇಲೆ ಬೈಕ್ ಓಡಿಸೋ ಹುಡುಗರು ಇದನ್ನು ಓದಿ.

ಹಡಪ್ಸರ್_ಹುಡುಗಿ
ಅಯ್ಯೋ. ಅಮ್ಮನಿಗೆ ಇದನ್ನು ಓದಿ ಹೇಳಲ್ಲ. ಆದರೆ ಅಪ್ಪನಿಗೆ ಹೇಳುತ್ತೇನೆ, ನೀರು ಕಂಡರೆ ಇಳಿಯೋ ಜನ.

ಲೋಕಲ್_ಪ್ಯಾಸೆಂಜರ್
ನೀರು ಇದ್ದರೆ ತಾನೆ! ಕಾಲುವೆ ವರ್ಷವಿಡೀ ಹರಿಯಲ್ಲ. ಹಿಂಗಾರಿಗೆ, ಬೇಸಿಗೆಗೆ ಸರದಿ ಮೇಲೆ ಬಿಡುತ್ತಾರೆ. ಮರಾಠಿ ಪೇಪರಲ್ಲಿ ‘ಆವರ್ತನ’ ಅಂತ ಸುದ್ದಿ ಬರುತ್ತೆ. ಅದನ್ನು ನೋಡಿಕೊಂಡು ದಿನ ಗೊತ್ತು ಮಾಡಿ. ಇಲ್ಲದಿದ್ದರೆ ಒಣ ಕಾಲುವೆ, ಒಳಗೆ ಚಪ್ಪಲಿ ಮತ್ತು ಗುಟ್ಕಾ ಪ್ಯಾಕೆಟ್.

ಯಾದಗಿರಿ_ಯಜಮಾನ
ನಮ್ಮ ನಾರಾಯಣಪುರ ಎಡದಂಡೆ ಕಾಲುವೆಗೆ ವಾರಬಂದಿ ಇದ್ದಹಾಗೆ. ನೀರು ಬಂತು ಅಂದ್ರೆ ಊರಿಗೆ ಊರೇ ಏರಿ ಮೇಲೆ. ಎಮ್ಮೆ ತೊಳೆಯೋರು, ಬಟ್ಟೆ ಒಗೆಯೋರು, ಮೋಟಾರು ಇಳಿಬಿಡೋರು.

ಧಾರವಾಡ_ಪೇಡೆ
ಪುಣೆ ಊರೊಳಗೇ ಕಾಲುವೆ ಇದೆಯಲ್ಲ, ಪರ್ವತಿ ಕೆಳಗೆ, ಸ್ವಾರ್ಗೇಟ್ ಹತ್ತಿರ. ಅಲ್ಲೇ ನಡೆದರೆ ಆಗಲ್ವಾ? ಟಿಕೆಟ್ ಖರ್ಚೂ ಉಳಿಯುತ್ತೆ.

ಬಿಸಿಲೂರು
ಅದೇ ಕಾಲುವೆ 2018ರ ಸೆಪ್ಟೆಂಬರ್ 27ರಂದು ಜನತಾ ವಸಾಹತ್ ಹತ್ತಿರ ಒಡೆದು ದಾಂಡೇಕರ್ ಪೂಲ್ ಕಡೆಯ ಮನೆಗಳಿಗೆಲ್ಲ ನುಗ್ಗಿತ್ತು. ಮಳೆ ಇಲ್ಲದ ದಿನ ಪ್ರವಾಹ! ಇಲಿ, ಏಡಿ ಬಿಲ ಕೊರೆದದ್ದೇ ಕಾರಣ ಅಂತ ಮಂತ್ರಿಗಳು ಹೇಳಿದ್ದರು. ನೆನಪಿದೆಯಾ?

ಧಾರವಾಡ_ಪೇಡೆ
ಇಲಿಗಳ ಮೇಲೆ ಕೇಸ್ ಹಾಕಿದರಾ?

ಗಿಡಮರ_ಗೆಳತಿ
ಕೇಳಿ ಒಂದು ಮಜಾ. ಆಗ ಹೇಳಿದೆನಲ್ಲ ಗ್ಲಿರಿಸಿಡಿಯಾ, ಅದಕ್ಕೆ ಮರಾಠಿಯಲ್ಲಿ ‘ಉಂದೀರಮಾರಿ’ ಅಂತಾನೂ ಹೆಸರು. ಅದರ ಬೀಜ, ತೊಗಟೆ ಇಲಿಗೆ ವಿಷ. ಗುಡ್ಡದ ತುಂಬ ನೆಟ್ಟರು. ಕಾಲುವೆ ಏರಿ ಮೇಲೆ ನೆಟ್ಟಿದ್ದರೆ ಮಂತ್ರಿಗಳಿಗೆ ಆ ನೆಪವೂ ಸಿಗುತ್ತಿರಲಿಲ್ಲ.

ಲೋಕಲ್_ಪ್ಯಾಸೆಂಜರ್
😂😂

ಮುಠಾ_ತೀರದವ
ನಗುತ್ತಿದ್ದೀರಿ, ಆದರೆ ಈ ಕಾಲುವೆ ಇನ್ನೆಷ್ಟು ದಿನವೋ. ಖಡಕ್‌ವಾಸ್ಲಾದಿಂದ ಫುರ್ಸುಂಗಿವರೆಗೆ ಸುರಂಗ ಕೊರೆದು ನೀರು ಒಯ್ಯುವ ಯೋಜನೆ ಇದೆ. ಆಮೇಲೆ ಕಾಲುವೆ ಒಣಗುತ್ತೆ, ಮರಗಳು ಸಾಯುತ್ತವೆ, ಜಾಗ ರಸ್ತೆಯಾಗುತ್ತೆ. ಎಡದಂಡೆ ಕಾಲುವೆಗೆ ಏನಾಯ್ತು ನೋಡಿ. ಎರಂಡವಣೆ, ಕರ್ವೆನಗರದ ಕಡೆ ‘ಕೆನಾಲ್ ರೋಡ್’ ಅಂತ ಬೋರ್ಡು ಇದೆ, ಕೆನಾಲ್ ಎಲ್ಲಿದೆ? ಹಾಗಾಗಿ ಹೋಗೋದಿದ್ದರೆ ಬೇಗ ಹೋಗಿ.

ಯಾದಗಿರಿ_ಯಜಮಾನ
ತಪ್ಪು ತಿಳಿದಿದ್ದೀರಿ ಸರ್. ಸುರಂಗ ಬರೀ ಫುರ್ಸುಂಗಿವರೆಗೆ. ಅಲ್ಲಿಂದ ಮುಂದೆ ನೀರು ಇದೇ ತೆರೆದ ಕಾಲುವೆಗೆ ಬೀಳಬೇಕು. ಯವತ್ ಇರೋದು ಫುರ್ಸುಂಗಿ ಆಚೆ. ಅಂದರೆ ಈ ಅಕ್ಕ ಕೇಳಿದ ದಾರಿಗೆ ಏನೂ ಆಗಲ್ಲ. ಊರೊಳಗೆ ಸೋರಿ, ಕದ್ದು, ಕಸ ಬಿದ್ದು ಹಾಳಾಗೋ ನೀರು ಉಳಿದರೆ ದೌಂಡ್, ಇಂದಾಪುರದ ಬಾಲದ ರೈತನಿಗೆ ನಾಲ್ಕು ದಿನ ಜಾಸ್ತಿ ಸಿಗುತ್ತೆ. ಕಾಲುವೆ ಬಾಲದಲ್ಲಿ ಹೊಲ ಇರೋನ ಸಂಕಟ ನಡಿಗೆಗೆ ಬರೋರಿಗೆ ಗೊತ್ತಾಗಲ್ಲ. ನಮ್ಮದೂ ಬಾಲದ ಹೊಲವೇ.

ಮುಠಾ_ತೀರದವ
ಊರೊಳಗಿನ ಮರಗಳ ಕಥೆ? ಎಂಪ್ರೆಸ್ ಗಾರ್ಡನ್ ಕಡೆ ಕಾಲುವೆ ಪಕ್ಕ ಎಂಥ ಮರಗಳಿವೆ ನೋಡಿದ್ದೀರಾ? ಸೋರೋದು ಅಂತ ನೀವು ಹೇಳೋ ನೀರನ್ನೇ ಅವು ಕುಡಿಯೋದು. ಬಾವಿ, ಬೋರುಗಳಿಗೂ ಅದೇ ಆಧಾರ.

ಯಾದಗಿರಿ_ಯಜಮಾನ
ಒಪ್ಪಿದೆ. ಆದರೆ ಮರಕ್ಕೆ ನೀರು ಬೇಕು ಅಂತ ಕಾಲುವೆ ಸೋರಲಿ ಅನ್ನೋಕಾಗುತ್ತಾ? ಸೋರಿದ ನೀರು ಎಲ್ಲ ಕಡೆ ಅಮೃತ ಅಲ್ಲ. ಹೊಲದಲ್ಲಿ ನಿಂತರೆ ಸವಳು ಜವಳು. ತುಂಗಭದ್ರಾ ಕಡೆ ಹೋಗಿ ನೋಡಿ, ಬಂಗಾರದಂಥ ಭೂಮಿ ಬಿಳಿ ಉಪ್ಪು ಕಾರುತ್ತಿದೆ.

ಬಿಸಿಲೂರು
ಜಗಳದ ಬೇರು ಬೇರೆ. ನಾಲ್ಕು ಅಣೆಕಟ್ಟು, ಟೇಮ್‌ಘರ್, ವರಸ್‌ಗಾಂವ್, ಪಾನ್‌ಶೇತ್, ಖಡಕ್‌ವಾಸ್ಲಾ. ಒಟ್ಟು 29 ಟಿಎಂಸಿ. ಖಡಕ್‌ವಾಸ್ಲಾ ಒಂದರಲ್ಲಿ ಎರಡೂ ಹಿಡಿಯಲ್ಲ. ಕುಡಿಯೋ ಪುಣೆ ದೊಡ್ಡದಾಗುತ್ತಲೇ ಇದೆ. ಆ ಕಡೆ ರೈತರು ಕಬ್ಬು ಬಿಡಲ್ಲ. ಸುರಂಗ ತೋಡಿದರೂ 29 ಮೂವತ್ತಾಗಲ್ಲ.

ಇಂದಾಪುರ_ಅಳಿಯ
ಕಬ್ಬು ಬಿಡಲಿ ಅಂತ ಫ್ಲಾಟಲ್ಲಿ ಕೂತು ಹೇಳೋದು ಸುಲಭ ಅಣ್ಣಾ. ನಮ್ಮ ಮಾವನವರದ್ದೂ ಕಬ್ಬೇ. ಈರುಳ್ಳಿ ಹಾಕಿದರೆ ರೇಟು ಯಾವಾಗ ಕೈ ಕೊಡುತ್ತೋ ಗೊತ್ತಿಲ್ಲ. ಕಬ್ಬಿಗೆ ಕಾರ್ಖಾನೆ ಇದೆ, ಒಂದು ದರ ಅಂತ ಇದೆ. ತಡವಾಗಿಯಾದರೂ ದುಡ್ಡು ಬರುತ್ತೆ. ಬೇರೆ ಬೆಳೆಗೆ ಆ ಭರವಸೆ ಕೊಡಿ, ನಾಳೆಯೇ ಬಿಡುತ್ತಾರೆ.

ಕಟ್ರಜ್_ಕಾಕಾ
ಈ ಜಗಳ ನಿಮ್ಮ ಅಜ್ಜನಿಗಿಂತ ಹಳೇದು ಮಕ್ಕಳಾ. 1899ರಲ್ಲಿ ವಿಶ್ವೇಶ್ವರಯ್ಯ ಬ್ಲಾಕ್ ಪದ್ಧತಿ ತಂದದ್ದು ಪಕ್ಕದ ನೀರಾ ಕಾಲುವೆಯಲ್ಲೇ. ಕಾಲುವೆಯ ತಲೆ ಕಡೆಯವರು ಕಬ್ಬಿಗೆ ಮನಸೋ ಇಚ್ಛೆ ನೀರು ಹರಿಸುತ್ತಿದ್ದರು. ಹೊಲಗಳನ್ನು ಬ್ಲಾಕ್ ಮಾಡಿ, ಬೆಳೆ ಬದಲಿಸುತ್ತಾ, ಸರದಿ ಮೇಲೆ ಅಳತೆಯ ನೀರು ಕೊಟ್ಟರೆ ಜಾಸ್ತಿ ಹಳ್ಳಿಗಳಿಗೆ ಮುಟ್ಟುತ್ತದೆ ಅನ್ನೋದು ಅವರ ಲೆಕ್ಕ. ಮೊದಮೊದಲು ವಿರೋಧ ಬಂತು. ಲೆಕ್ಕ ಸರಿಯಾಗೇ ಇತ್ತು ಅಂತ ನನ್ನ ಅಭಿಪ್ರಾಯ.

ಹಡಪ್ಸರ್_ಹುಡುಗಿ
ನಾನು ಕೇಳಿದ್ದು ನಡೆಯೋ ದಾರಿ ಬಗ್ಗೆ, ನೀವು ಜಲಮಂಡಳಿ ಮೀಟಿಂಗ್ ಶುರು ಮಾಡಿದ್ದೀರಿ 🙏 ನಾಯಿ? ಹಾವು?

ಗಿಡಮರ_ಗೆಳತಿ
ನಾಯಿ: ಹೊಲದ ಮನೆಗಳ ಹತ್ತಿರ ಇರುತ್ತವೆ. ಕೈಯಲ್ಲಿ ಕೋಲು ಇರಲಿ, ಓಡಬೇಡಿ, ಮನೆಯವರನ್ನು ಕೂಗಿ. ಹಾವು: ಕೊಳಕುಮಂಡಲ ಇದೆ. ಹುಲ್ಲಿಗೆ ಕಾಲಿಡುವ ಮುಂಚೆ ಕೋಲಾಡಿಸಿ, ಶೂ ಹಾಕಿ. ನಿಮ್ಮ ಅಪ್ಪನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಇನ್ನೊಂದು, ದೌಂಡ್ ಕಡೆ ಕಬ್ಬಿನಲ್ಲಿ ಈಗ ಚಿರತೆಯೂ ಇದೆ. ಹಾಗಾಗಿ ಬೆಳಕಾದ ಮೇಲೆ ಹೊರಡಿ, ಮುಸ್ಸಂಜೆಗೆ ಮುಂಚೆ ಹೆದ್ದಾರಿ ಸೇರಿ. ಕಬ್ಬಿನ ಗದ್ದೆ ಒಳಗಿನ ಕಾಲುದಾರಿ ಬೇಡ.

ಲೋಕಲ್_ಪ್ಯಾಸೆಂಜರ್
ಬಿಸಿಲಿನ ಬಗ್ಗೆ ಯಾರೂ ಹೇಳಲಿಲ್ಲ. ಕಾಲುವೆ ಬಿಟ್ಟ ಮೇಲೆ ದೇವಸ್ಥಾನದವರೆಗೆ ಏರು. ನೀರು ಸಿಗಲ್ಲ. ಹತ್ತು ಗಂಟೆಯೊಳಗೆ ಗುಡ್ಡದ ಮೇಲಿರಬೇಕು. ಅಮ್ಮನಿಗೆ ಕಷ್ಟ ಅನ್ನಿಸಿದರೆ ಅವರನ್ನು ಯವತ್‌ನಿಂದ ಗಾಡಿಯಲ್ಲಿ ಮೇಲೆ ಕಳಿಸಿ, ಘಾಟಿ ರಸ್ತೆ ಇದೆ. ಇಳಿಯುವಾಗ ಎಲ್ಲರೂ ಗಾಡಿಯಲ್ಲೇ ಬನ್ನಿ. ಮಧ್ಯಾಹ್ನ ಆ ಇಳಿಜಾರು ನಡೆಯೋದರಲ್ಲಿ ಏನೂ ಸುಖ ಇಲ್ಲ.

ಧಾರವಾಡ_ಪೇಡೆ
ಭುಲೇಶ್ವರದಲ್ಲಿ ಲಿಂಗದ ಹತ್ತಿರ ಪೇಡೆ ಇಟ್ಟರೆ ಒಂದೆರಡು ಮಾಯ ಆಗುತ್ತಂತೆ, ನಿಜವಾ? ನನ್ನ ಕುಲದ ಪ್ರಶ್ನೆ ಇದು.

ಬಿಸಿಲೂರು
ಮತ್ತೆ ಇಲಿ. ಮಂತ್ರಿಗಳು ಆಗಲೇ ಹೇಳಿದ್ದಾರೆ.

ಇಂದಾಪುರ_ಅಳಿಯ
ನಂಬಿಕೆ ಇದ್ದವರು ನಂಬುತ್ತಾರೆ, ಗೇಲಿ ಯಾಕೆ? ನಮ್ಮ ಅತ್ತೆ ಪ್ರತಿ ಶ್ರಾವಣದಲ್ಲಿ ಹೋಗುತ್ತಾರೆ.

ಕಟ್ರಜ್_ಕಾಕಾ
ಪೇಡೆ ಬಿಡಿ, ಕೆತ್ತನೆ ನೋಡಿ. ಯಾದವರ ಕಾಲದ ಗುಡಿ, ಹದಿಮೂರನೇ ಶತಮಾನದ್ದು. ಹೊರಗಿನಿಂದ ಕೋಟೆ ಹಾಗೆ ಕಾಣುತ್ತದೆ, ಒಳಗೆ ಕತ್ತಲು. ಟಾರ್ಚ್ ಒಯ್ಯಿರಿ. ಹೆಣ್ಣು ರೂಪದ ಗಣಪತಿ ಇದೆ, ತಪ್ಪದೆ ಹುಡುಕಿ. ಗುಡಿ ಸುತ್ತ ದೌಲತಮಂಗಳ ಕೋಟೆಯ ಅವಶೇಷ ಇದೆ. ಕಟ್ಟಿಸಿದ್ದು ವಿಜಾಪುರದ ಆದಿಲ್‌ಶಾಹಿಯ ಸರದಾರ ಮುರಾರ್ ಜಗದೇವ. 1630ರ ಸುಮಾರಿಗೆ ಪುಣೆಯನ್ನು ಸುಟ್ಟು, ಕತ್ತೆ ಕಟ್ಟಿ ನೇಗಿಲು ಹೊಡೆಸಿದವನು ಅವನೇ. ಇಂಡಿ, ವಿಜಾಪುರದವರು ಅಲ್ಲಿ ಜೋರಾಗಿ ಊರ ಹೆಸರು ಹೇಳಬೇಡಿ 😀

ಹಡಪ್ಸರ್_ಹುಡುಗಿ
ಅಪ್ಪ ಮೊದಲು ಹೇಳೋದೇ ಊರ ಹೆಸರು ಕಾಕಾ! ಸರಿ, ಊಟ?

ಇಂದಾಪುರ_ಅಳಿಯ
ಯವತ್ ಸುತ್ತ ಬೆಲ್ಲದ ಗಾಣಗಳಿವೆ, ಇಲ್ಲಿ ಗುಱ್ಹಾಳ ಅಂತಾರೆ. ಹೊಗೆ ನೋಡಿಕೊಂಡು ಹೋಗಿ. ಕೇಳಿದರೆ ಬಿಸಿ ಬೆಲ್ಲ, ಕಬ್ಬಿನ ಹಾಲು ಕೊಡುತ್ತಾರೆ. ಕೆಲವರು ದುಡ್ಡೂ ತಗೊಳ್ಳಲ್ಲ. ಆದರೆ ಕುದಿಯೋ ಕೊಪ್ಪರಿಗೆ ಹತ್ತಿರ ಫೋಟೋ ತೆಗೆಯೋಕೆ ನುಗ್ಗಬೇಡಿ. ಕೆಲಸ ಮಾಡೋರಿಗೆ ಅಡ್ಡ.

ಯಾದಗಿರಿ_ಯಜಮಾನ
ಸಂಕ್ರಾಂತಿ ಹೊತ್ತಿಗೆ ಹೋದರೆ ಸೀತನಿ, ಅಂದ್ರೆ ಸುಟ್ಟ ಎಳೆ ಜೋಳ ಸಿಗುತ್ತೆ. ಪುಣೆಯವರು ಹುರಡಾ ಪಾರ್ಟಿ ಅಂತ ತಲೆಗೆ ಇಷ್ಟು ಅಂತ ವಸೂಲಿ ಮಾಡುತ್ತಾರೆ, ಜೊತೆಗೆ ಎತ್ತಿನ ಗಾಡಿ ಸವಾರಿ, ಡಿಜೆ. ನಮ್ಮಲ್ಲಿ ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ಕಡುಬು, ಭಜ್ಜಿ ಪಲ್ಯ ಉಂಡು, ಬೆಂಕಿಯಲ್ಲಿ ತೆನೆ ಸುಟ್ಟು ತಿಂದರೆ ಯಾರು ಬಿಲ್ ಕೊಡುತ್ತಿದ್ದರು?

ಮುಠಾ_ತೀರದವ
ಈ ಸಲ ಎಳ್ಳ ಅಮಾವಾಸ್ಯೆಗೆ ಊರಿಗೆ ಹೋಗಲಾಗದವರೆಲ್ಲ ಸೇರಿ ಈ ದಾರಿಯಲ್ಲೇ ಹೋದರೆ ಹೇಗೆ? ಬುತ್ತಿ ಕಟ್ಟಿಕೊಂಡು ಕಾಲುವೆ ಏರಿ ಮೇಲೆ ಕೂತು ಉಣ್ಣೋಣ. ಪ್ಲಾಸ್ಟಿಕ್ ತಟ್ಟೆ ಯಾರೂ ತರಬಾರದು, ಅದೊಂದೇ ಶರತ್ತು. ಯಜಮಾನರೇ, ಸುರಂಗದ ಜಗಳ ಅಲ್ಲಿ ಮುಂದುವರಿಸೋಣ.

ಯಾದಗಿರಿ_ಯಜಮಾನ
ಬರ್ತೀನಿ. ಜೋಳದ ರೊಟ್ಟಿ, ಶೇಂಗಾ ಹಿಂಡಿ ನನ್ನದು. ಜಗಳದಲ್ಲಿ ಮಾತ್ರ ಬಿಟ್ಟುಕೊಡಲ್ಲ.

ಮಂಡ್ಯ_ಮೂಲ
ನಾನು ಮುದ್ದೆ ತಂದರೆ ಯಾರಾದರೂ ತಿಂತೀರಾ?

ಬಿಸಿಲೂರು
ರೈಲಲ್ಲಿ ಯವತ್ ಬರೋ ಹೊತ್ತಿಗೆ ಅದು ಕಲ್ಲಾಗಿರುತ್ತೆ. ನಾಯಿ ಓಡಿಸೋಕೆ ಬೇಕಾಗುತ್ತೆ, ತನ್ನಿ.

ಲೋಕಲ್_ಪ್ಯಾಸೆಂಜರ್
ಹಡಪ್ಸರ್‌ನಲ್ಲಿ ಹತ್ತೋರು ಹಿಂದಿನ ಡಬ್ಬಿ ಹತ್ತಿ, ಮುಂದಿನದರಲ್ಲಿ ಹಾಲಿನ ಕ್ಯಾನ್ ತುಂಬಿರುತ್ತವೆ. ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂದ ಕೂಡಲೇ ಇಲ್ಲೇ ಹಾಕುತ್ತೇನೆ. ಬರೋರು ಹೆಸರು ಬರೆಯಿರಿ.